ಏಳನೆಯ ದಿನ ಯಾರಿಗೆ? ಕ್ರೈಸ್ತ ಬದುಕಿನಲ್ಲಿ ವಿಶ್ರಾಂತಿ

ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಗುಲಾಮರಾಗಿದ್ದ ಇಸ್ರಾಯೇಲ್ಯರ ಪರವಾಗಿ ಮೋಶೆ ಮತ್ತು ಆರೋನ ಅಲ್ಲಿನ ಅರಸ ಫರೋಹನ ಮುಂದೆ ನಿಂತು ಮೊದಲು ಕೇಳಿದ್ದು ತೀರಾ ಸಣ್ಣ ವಿಷಯ. ಮೂರು ದಿನದ ದಾರಿ ನಡೆದು ಹೋಗಿ ಅರಣ್ಯದಲ್ಲಿ ನಮ್ಮ ದೇವರನ್ನು ಆರಾಧಿಸುತ್ತೇವೆ, ಜನರನ್ನು ಕಳಿಸಿಕೊಡಿ ಎಂದರು. ಇಟ್ಟಿಗೆ ಮಾಡುವ ಗುಲಾಮರಿಗೆ ಕೆಲವು ದಿನದ ಬಿಡುವು, ಅಷ್ಟೇ. ಫರೋಹನ ಉತ್ತರ ಬೈಬಲಿನ ವಿಮೋಚನಕಾಂಡದ 5ನೇ ಅಧ್ಯಾಯದಲ್ಲಿದೆ. ಇವರು ಸೋಮಾರಿಗಳು, ಅದಕ್ಕೇ ಹೀಗೆ ಕೂಗುತ್ತಿದ್ದಾರೆ ಎಂದ. ಅವತ್ತಿನಿಂದ ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸಿಬಿಟ್ಟ. ಹುಲ್ಲನ್ನು ಅವರೇ ಹುಡುಕಿ ತರಬೇಕು. ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗುವಂತಿಲ್ಲ.

ಬೈಬಲ್ ವಿಶ್ರಾಂತಿಯ ಬಗ್ಗೆ ಏನು ಹೇಳುತ್ತದೆ ಎಂದು ತಿಳಿಯಬೇಕಾದರೆ ಈ ಇಟ್ಟಿಗೆಯ ಬಯಲಿನಿಂದಲೇ ಶುರು ಮಾಡಬೇಕು ಎಂದು ನನಗೆ ಅನ್ನಿಸುತ್ತದೆ. ಚರ್ಚಿನಲ್ಲಿ ಈ ವಿಷಯ ಬಂದಾಗ ನಾವು ನೇರವಾಗಿ ಮನಶ್ಶಾಂತಿಯ ಮಾತಿಗೆ ಹೋಗುತ್ತೇವೆ. ಅದೂ ಬೇಕು, ಆದರೆ ಅದು ಕಥೆಯ ಮೊದಲ ಅಧ್ಯಾಯ ಅಲ್ಲ. ಬೈಬಲಿನಲ್ಲಿ ವಿಶ್ರಾಂತಿ ಮೊದಲು ಬರುವುದು ಕೈಕಾಲಿಗೆ, ಹೊಟ್ಟೆಗೆ, ದುಡಿಯುವವರ ಬೆನ್ನಿಗೆ. ಆತ್ಮ ಹೊಸದಾಗುವುದು ಆ ದಾರಿಯಲ್ಲೇ.

ಐಗುಪ್ತದಿಂದ ಹೊರಬಂದ ಜನರಿಗೆ ಸಿಕ್ಕ ಮೊದಲ ಪಾಠಗಳಲ್ಲಿ ಒಂದು ಮನ್ನದ ಪಾಠ. ಇದು 16ನೇ ಅಧ್ಯಾಯದಲ್ಲಿದೆ, ಅಂದರೆ ಸೀನಾಯಿ ಬೆಟ್ಟದಲ್ಲಿ ಹತ್ತು ಆಜ್ಞೆಗಳು ಸಿಗುವುದಕ್ಕೂ ಮೊದಲು. ಬೆಳಿಗ್ಗೆ ಎದ್ದರೆ ನೆಲದ ಮೇಲೆ ಆಹಾರ. ಆ ದಿನಕ್ಕೆ ಬೇಕಾದಷ್ಟೇ ಆರಿಸಿಕೊಳ್ಳಬೇಕು. ಮರುದಿನಕ್ಕೆಂದು ಎತ್ತಿಟ್ಟವರದ್ದು ಹುಳ ಬಿದ್ದು ನಾರಿತು. ಆರನೆಯ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು, ಮತ್ತು ಅದು ಕೆಡುತ್ತಿರಲಿಲ್ಲ. ಏಳನೆಯ ದಿನ ಹೊರಗೆ ಹೋಗಬೇಡಿ, ಏನೂ ಇರುವುದಿಲ್ಲ ಎಂದು ಹೇಳಿದ್ದರೂ ಕೆಲವರು ಹೋದರು. ಬರಿಗೈಯಲ್ಲಿ ಬಂದರು.

ಆ ಕೆಲವರ ಬಗ್ಗೆ ಓದುವಾಗ ನನಗೆ ಮರುಕ ಬರುತ್ತದೆ. ಅವರು ಲೆಕ್ಕ ಒಪ್ಪಿಸದಿದ್ದರೆ ಏಟು ತಿನ್ನುತ್ತಿದ್ದ ಜನ. ಒಂದು ದಿನ ಕೈಕಟ್ಟಿ ಕೂತರೂ ಊಟ ಸಿಗುತ್ತದೆ ಎಂದು ನಂಬುವುದು ಅಂಥವರಿಗೆ ಸುಲಭವಾಗಿರಲಿಲ್ಲ. ಗುಲಾಮಗಿರಿ ಊರು ಬಿಟ್ಟ ಕೂಡಲೇ ಮೈಯಿಂದ ಹೋಗುವುದಿಲ್ಲ. ಇವತ್ತೂ ರಜೆಯ ದಿನ ಎದ್ದ ಕೂಡಲೇ ಆಫೀಸಿನ ಮೆಸೇಜ್ ನೋಡುವವರು, ಏನೂ ಮಾಡದೆ ಅರ್ಧ ಗಂಟೆ ಕೂತರೆ ತಪ್ಪು ಮಾಡಿದಂತೆ ಚಡಪಡಿಸುವವರು ಎಷ್ಟು ಜನ ಇದ್ದಾರೆ, ಅಲ್ವಾ? ನಾನು ನಿಲ್ಲಿಸಿದರೆ ಎಲ್ಲವೂ ನಿಂತುಹೋಗುತ್ತದೆ ಎಂಬ ಭಯ ಅದು. ಏಳನೆಯ ದಿನ ಆ ಭಯದ ಮೇಲೆ ಕೈ ಇಡುತ್ತದೆ. ಅದಕ್ಕೇ ಸಬ್ಬತ್, ಅಂದರೆ ಈ ಏಳನೆಯ ದಿನದ ವಿಶ್ರಾಂತಿ, ರಜೆಗಿಂತ ಜಾಸ್ತಿ. ನನ್ನನ್ನು ಉಳಿಸುತ್ತಿರುವುದು ನನ್ನ ದುಡಿಮೆಯಲ್ಲ, ದೇವರು ಎಂದು ವಾರಕ್ಕೊಮ್ಮೆ ಮೈಯಿಂದಲೇ ಹೇಳುವ ವಿಶ್ವಾಸಪ್ರಮಾಣ ಅದು.

ಸಬ್ಬತ್ತಿನ ಆಜ್ಞೆ ಬೈಬಲಿನಲ್ಲಿ ಎರಡು ಸಲ ಪೂರ್ತಿಯಾಗಿ ಬರುತ್ತದೆ. ಎರಡಕ್ಕೂ ಕೊಟ್ಟ ಕಾರಣ ಬೇರೆ ಬೇರೆ. ಈ ವ್ಯತ್ಯಾಸವನ್ನು ಎಷ್ಟೋ ಜನ ಗಮನಿಸಿರುವುದಿಲ್ಲ. ವಿಮೋಚನಕಾಂಡ 20ರಲ್ಲಿ ಕಾರಣ ಸೃಷ್ಟಿ: ದೇವರು ಆರು ದಿನಗಳಲ್ಲಿ ಎಲ್ಲವನ್ನೂ ಮಾಡಿ ಏಳನೆಯ ದಿನ ವಿಶ್ರಮಿಸಿದರು, ನೀವೂ ಹಾಗೆ ಮಾಡಿ. ಧರ್ಮೋಪದೇಶಕಾಂಡ 5ರಲ್ಲಿ ಕಾರಣ ಐಗುಪ್ತ: ನೀನು ಅಲ್ಲಿ ಗುಲಾಮನಾಗಿದ್ದೆ, ನಿನ್ನನ್ನು ಬಿಡಿಸಿ ತಂದದ್ದು ನಾನು, ನೆನಪಿಟ್ಟುಕೋ.

ಮೊದಲ ಕಾರಣದಲ್ಲಿ ಒಂದು ಸೊಗಸಿದೆ. ಆದಿಕಾಂಡದ ಪ್ರಕಾರ ಮನುಷ್ಯ ಸೃಷ್ಟಿಯಾಗಿದ್ದು ಆರನೆಯ ದಿನ. ಅಂದರೆ ಅವನು ಕಣ್ಣುಬಿಟ್ಟು ಕಂಡ ಮೊದಲ ಪೂರ್ತಿ ದಿನ ವಿಶ್ರಾಂತಿಯ ದಿನ. ಇನ್ನೂ ಒಂದು ಗುದ್ದಲಿ ಹಿಡಿದಿಲ್ಲ, ಏನನ್ನೂ ಸಂಪಾದಿಸಿಲ್ಲ. ನಾವು ಆರು ದಿನ ದುಡಿದು ಏಳನೆಯ ದಿನವನ್ನು ಸಂಬಳದ ಹಾಗೆ ಪಡೆಯುತ್ತೇವೆ ಎಂದುಕೊಳ್ಳುತ್ತೇವೆ. ಆದಾಮನಿಗೆ ಅದು ಉಚಿತವಾಗಿ, ಮೊದಲೇ ಸಿಕ್ಕಿತು. ದಿನದ ಲೆಕ್ಕವೂ ಹಾಗೆಯೇ ಇದೆ: ‘ಸಾಯಂಕಾಲವೂ ಪ್ರಾತಃಕಾಲವೂ ಆಗಿ’ ಎನ್ನುತ್ತದೆ ಆದಿಕಾಂಡ. ಯೆಹೂದ್ಯರಿಗೆ ಇವತ್ತಿಗೂ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ದಿನದ ಮೊದಲ ಕೆಲಸ ಊಟ ಮಾಡಿ ಮಲಗುವುದು. ನಾವು ಎದ್ದಾಗ ದೇವರು ಆಗಲೇ ಕೆಲಸದಲ್ಲಿರುತ್ತಾರೆ.

ಎರಡನೆಯ ಕಾರಣ ಇನ್ನೂ ಚುರುಕಾಗಿದೆ. ಆ ಆಜ್ಞೆಯಲ್ಲಿ ಯಾರು ಯಾರು ವಿಶ್ರಮಿಸಬೇಕು ಎಂದು ಪಟ್ಟಿಯೇ ಇದೆ. ಮಗ, ಮಗಳು, ಸೇವಕ, ಸೇವಕಿ, ಎತ್ತು, ಕತ್ತೆ, ಊರಿನಲ್ಲಿರುವ ಪರದೇಶಿ. ನಿನ್ನ ಸೇವಕ ಸೇವಕಿಯರೂ ನಿನ್ನ ಹಾಗೆಯೇ ವಿಶ್ರಮಿಸಲಿ ಎಂದು ಬಾಯಿಬಿಟ್ಟು ಹೇಳಿದೆ. ಯಜಮಾನನ ವಿಶ್ರಾಂತಿಗೆ ಆಜ್ಞೆಯ ಅಗತ್ಯ ಅಷ್ಟಾಗಿ ಇಲ್ಲ, ಅವನು ಬೇಕೆಂದಾಗ ಕಾಲು ಚಾಚುತ್ತಾನೆ. ಕೇಳುವ ಧೈರ್ಯ ಇಲ್ಲದವರಿಗಾಗಿ ದೇವರೇ ಕೇಳಿದ ದಿನ ಅದು. ಯಾಜಕಕಾಂಡ 25 ಇನ್ನೂ ಮುಂದೆ ಹೋಗಿ ಭೂಮಿಗೂ ಏಳನೆಯ ವರ್ಷ ಬಿಡುವು ಕೊಡಿ ಎನ್ನುತ್ತದೆ.

ಇದನ್ನು ಇಟ್ಟುಕೊಂಡು ನಮ್ಮ ಭಾನುವಾರವನ್ನು ನೋಡಬೇಕು. ನಮ್ಮ ಎಷ್ಟೋ ಕ್ರೈಸ್ತ ಮನೆಗಳಲ್ಲಿ ವಾರದ ಅತಿ ಹೆಚ್ಚು ಕೆಲಸದ ಅಡುಗೆ ಭಾನುವಾರದ್ದೇ. ಬೆಳಿಗ್ಗೆ ಬೇಗ ಎದ್ದು ಮಸಾಲೆ ರುಬ್ಬಿ, ಕೋಳಿಯೋ ಮೀನೋ ತೊಳೆದಿಟ್ಟು, ಮಕ್ಕಳನ್ನು ಸಂಡೇ ಸ್ಕೂಲಿಗೆ ತಯಾರು ಮಾಡಿ, ಆರಾಧನೆಗೆ ಓಡಿ, ಬಂದು ಒಲೆ ಹಚ್ಚಿ, ನೆಂಟರಿಗೆ ಬಡಿಸಿ, ಪಾತ್ರೆ ತೊಳೆಯುವಷ್ಟರಲ್ಲಿ ಸಂಜೆ. ಸ್ತ್ರೀಯರ ಕೂಟ ಇದ್ದರೆ ಅದಕ್ಕೂ ಹೋಗಬೇಕು. ಕರ್ತನ ದಿನವನ್ನು ನಾವು ಆಚರಿಸಿದೆವು ಎಂದು ಮನೆಯ ಗಂಡಸರು ಮಧ್ಯಾಹ್ನ ಮಲಗುತ್ತಾರೆ. ಧರ್ಮೋಪದೇಶಕಾಂಡದ ಪಟ್ಟಿಯನ್ನು ಗಟ್ಟಿಯಾಗಿ ಓದಿ ನೋಡಿದರೆ ಈ ಮನೆಯಲ್ಲಿ ಆಜ್ಞೆ ಮುರಿದದ್ದು ಯಾರು ಎಂದು ತಿಳಿಯುತ್ತದೆ. ಅಡುಗೆಯಾಕೆಯಂತೂ ಅಲ್ಲ.

ನಮ್ಮ ದೇಶದಲ್ಲೇ ಈ ಆಜ್ಞೆಯನ್ನು ಅಕ್ಷರಶಃ ತೆಗೆದುಕೊಂಡ ಒಂದು ಜಾಗ ಇತ್ತು. 1930ರಲ್ಲಿ ಸ್ಟಾನ್ಲಿ ಜೋನ್ಸ್ ಎಂಬ ಮೆಥೊಡಿಸ್ಟ್ ಮಿಷನರಿ ನೈನಿತಾಲ್ ಹತ್ತಿರದ ಸಾತ್‌ತಾಲ್‌ನಲ್ಲಿ ಕ್ರೈಸ್ತ ಆಶ್ರಮ ಶುರು ಮಾಡಿದರು. ಜನ ಅಲ್ಲಿಗೆ ಪ್ರಾರ್ಥನೆಗೆ, ಆತ್ಮಿಕ ವಿಶ್ರಾಂತಿಗೆ ಬರುತ್ತಿದ್ದರು. ಆಶ್ರಮದ ಕೆಲಸದವರಿಗೆ ವಾರಕ್ಕೊಂದು ದಿನ ರಜೆ ಎಂದು ಗೊತ್ತು ಮಾಡಲಾಯಿತು. ಆ ದಿನ ಅವರ ಕೆಲಸವನ್ನು ಧ್ಯಾನಕ್ಕೆ ಬಂದವರೇ ಮಾಡಬೇಕು. ಅದರಲ್ಲಿ ಪಾಯಿಖಾನೆ ತೊಳೆಯುವುದೂ ಸೇರಿತ್ತು. ಅದು ನೀರು ಹರಿಸಿ ತೊಳೆಯುವ ಕಾಲ ಅಲ್ಲ. ಮೇಲ್ಜಾತಿಯಿಂದ ಬಂದವರಿಗೆ ಅದೆಂಥ ಪರೀಕ್ಷೆ ಎಂದು ಈ ದೇಶದವರಿಗೆ ವಿವರಿಸಬೇಕಾಗಿಲ್ಲ. ಜಾಡಮಾಲಿಗೆ ಸಿಕ್ಕಿದ ಒಂದು ದಿನದ ರಜೆ ಉಳಿದವರ ಆತ್ಮಕ್ಕೂ ಔಷಧವಾಯಿತು. ವಿಶ್ರಾಂತಿ ಮತ್ತು ಆತ್ಮಿಕ ಹೊಸತನ ಒಂದಕ್ಕೊಂದು ಹೇಗೆ ಸೇರಿಕೊಂಡಿವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಒಬ್ಬ ಮನುಷ್ಯ ಪೂರ್ತಿ ಕುಸಿದುಹೋದಾಗ ಏನಾಗುತ್ತದೆ? ಅದಕ್ಕೆ ಪ್ರವಾದಿ ಎಲೀಯನ ಕಥೆ ಓದಬೇಕು, ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯ. ಹಿಂದಿನ ಅಧ್ಯಾಯದಲ್ಲಿ ಅವನು ಕರ್ಮೆಲ್ ಬೆಟ್ಟದ ಮೇಲೆ ಬಾಳನೆಂಬ ದೇವತೆಯ 450 ಪ್ರವಾದಿಗಳ ಎದುರು ಒಬ್ಬನೇ ನಿಂತು ಗೆದ್ದಿದ್ದಾನೆ. ಮೂರು ವರ್ಷದ ಬರಗಾಲ ಮುಗಿದು ಮಳೆ ಬಂದಿದೆ. ಅಂಥ ಗೆಲುವಿನ ಮರುಕ್ಷಣವೇ ಈಜೆಬೆಲ್ ರಾಣಿಯ ಒಂದು ಬೆದರಿಕೆಗೆ ಹೆದರಿ ಬೇರ್ಷೆಬಕ್ಕೆ ಓಡುತ್ತಾನೆ. ಸೇವಕನನ್ನು ಅಲ್ಲೇ ಬಿಟ್ಟು ಇನ್ನೂ ಒಂದು ದಿನದ ದಾರಿ ಮರುಭೂಮಿಯೊಳಗೆ ಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಎನ್ನುತ್ತಾನೆ.

ದೇವರು ಆಗ ಮಾಡಿದ್ದನ್ನು ನಿಧಾನವಾಗಿ ಗಮನಿಸಿ. ಬೈಯಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಪ್ರಾರ್ಥನೆ ಜಾಸ್ತಿ ಮಾಡು ಎನ್ನಲಿಲ್ಲ. ಎಲೀಯ ಮಲಗಿದ. ದೂತ ಬಂದು ಮುಟ್ಟಿ, ಎದ್ದು ಊಟ ಮಾಡು ಎಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೆಯ ಸಲ ದೂತ ಎಬ್ಬಿಸಿ, ಏಳು, ತಿನ್ನು, ನಿನ್ನ ಶಕ್ತಿಗೆ ಮೀರಿದ ಪ್ರಯಾಣ ಇದೆ ಎಂದ. ಎರಡು ನಿದ್ದೆ, ಎರಡು ಊಟ. ಆಮೇಲೆ ಹೋರೇಬ್ ಬೆಟ್ಟಕ್ಕೆ 40 ದಿನದ ನಡಿಗೆ. ಬಿರುಗಾಳಿ, ಭೂಕಂಪ, ಬೆಂಕಿ, ಕೊನೆಗೆ ಮೆಲುದನಿ, ಇವೆಲ್ಲ ಬರುವುದು ಅದರ ನಂತರ. ಮಾತು ಶುರುವಾದ ಮೇಲೂ ದೇವರು ಮೊದಲು ಕೇಳುವುದು ಪ್ರಶ್ನೆ: ಎಲೀಯನೇ, ಇಲ್ಲಿ ಏನು ಮಾಡುತ್ತಿದ್ದೀ? ಅವನು ತನ್ನ ದುಃಖವನ್ನೆಲ್ಲ ಹೇಳಿಕೊಳ್ಳುತ್ತಾನೆ, ಎರಡು ಸಲ, ಹೆಚ್ಚು ಕಡಿಮೆ ಅದೇ ಮಾತುಗಳಲ್ಲಿ. ಎರಡೂ ಸಲ ದೇವರು ಕೇಳಿಸಿಕೊಳ್ಳುತ್ತಾರೆ. ಕಡೆಗೆ ಅವನಿಗೆ ಹೊಸ ಕೆಲಸ ಕೊಡುತ್ತಾರೆ, ಜೊತೆಗೆ ಎಲೀಷನೆಂಬ ಸಂಗಡಿಗನನ್ನೂ ಕೊಡುತ್ತಾರೆ. ನಾನೊಬ್ಬನೇ ಉಳಿದಿದ್ದೇನೆ ಎಂದವನಿಗೆ ಇನ್ನೂ 7,000 ಜನ ಇದ್ದಾರೆ ಎಂದು ತಿಳಿಸುತ್ತಾರೆ.

ನಮ್ಮ ಸಭೆಗಳಲ್ಲಿ ಕುಸಿದವರಿಗೆ ನಾವು ಹೇಳುವ ಮಾತುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಬೇಸರವಾಗುತ್ತದೆ. ನಿದ್ದೆ ಬಾರದೆ ವಾರಗಟ್ಟಲೆ ಒದ್ದಾಡುತ್ತಿರುವವರಿಗೆ ಉಪವಾಸ ಪ್ರಾರ್ಥನೆಗೆ ಬನ್ನಿ ಎನ್ನುತ್ತೇವೆ. ಎಲೀಯನಿಗೆ ದೇವರು ಕೊಟ್ಟದ್ದು ಊಟ! ಖಿನ್ನತೆ ಒಂದು ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ, ಔಷಧವಿದೆ. ಸಾಯಬೇಕು ಅನ್ನಿಸುತ್ತಿದೆ ಎಂದು ಯಾರಾದರೂ ಹೇಳಿದರೆ ಅವರನ್ನು ಒಂಟಿಯಾಗಿ ಬಿಡದೆ ಬೇಗ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಇದು ಅವಿಶ್ವಾಸ ಅಲ್ಲ. ರೊಟ್ಟಿ ತಂದ ದೂತನ ಕೆಲಸವೇ ಇದು.

ಯೇಸುಸ್ವಾಮಿಯ ದಿನಗಳನ್ನು ಮಾರ್ಕನ ಸುವಾರ್ತೆಯಲ್ಲಿ ಓದಿದರೆ ಒಂದು ಉಸಿರಾಟದಂಥ ಲಯ ಕಾಣುತ್ತದೆ. ಮೊದಲ ಅಧ್ಯಾಯದಲ್ಲಿ ಸಂಜೆ ಊರಿಗೆ ಊರೇ ಬಾಗಿಲಿಗೆ ಬಂದಿದೆ, ರೋಗಿಗಳನ್ನು ಗುಣಪಡಿಸುತ್ತಾರೆ. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೇ ಅಡವಿಗೆ ಹೋಗಿ ಪ್ರಾರ್ಥಿಸುತ್ತಾರೆ. ಪೇತ್ರ ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎನ್ನುತ್ತಾನೆ. ಯೇಸು ಆ ಜನರ ಬಳಿಗೆ ವಾಪಸ್ ಹೋಗುವುದಿಲ್ಲ, ಬೇರೆ ಊರುಗಳಿಗೆ ಹೋಗೋಣ ಎನ್ನುತ್ತಾರೆ. ಒಳ್ಳೆಯ ಕೆಲಸ ಇನ್ನೂ ಬಾಕಿ ಇರುವಾಗಲೇ ಎದ್ದು ಹೋದರು! ಸೇವೆಯಲ್ಲಿರುವವರು ಇದನ್ನು ನಂಬಲೂ ಕಷ್ಟಪಡುತ್ತಾರೆ. ನಾಲ್ಕನೇ ಅಧ್ಯಾಯದಲ್ಲಿ ಬಿರುಗಾಳಿಯ ನಡುವೆ ದೋಣಿಯ ಹಿಂಭಾಗದಲ್ಲಿ ತಲೆದಿಂಬಿಟ್ಟು ಮಲಗಿದ್ದಾರೆ. ಆರನೆಯದರಲ್ಲಿ, ಊಟಕ್ಕೂ ಬಿಡುವಿಲ್ಲದ ಶಿಷ್ಯರಿಗೆ, ಏಕಾಂತ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿ ಎನ್ನುತ್ತಾರೆ.

ಅಲ್ಲಿ ಮುಂದೆ ನಡೆದದ್ದನ್ನೂ ಮುಚ್ಚಿಡಬಾರದು. ಜನ ದಡದಲ್ಲೇ ಓಡಿಹೋಗಿ ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿದ್ದರು. ಆ ಏಕಾಂತ ಕೆಟ್ಟುಹೋಯಿತು. ಯೇಸುವಿಗೆ ಸಿಟ್ಟು ಬರಲಿಲ್ಲ, ಕುರುಬನಿಲ್ಲದ ಕುರಿಗಳ ಹಾಗಿದ್ದಾರೆ ಎಂದು ಕನಿಕರಪಟ್ಟರು. ಐದು ಸಾವಿರ ಜನರ ಊಟ ಆದದ್ದು ಆ ದಿನವೇ. ಆದರೆ ಊಟ ಮುಗಿದ ಕೂಡಲೇ ಶಿಷ್ಯರನ್ನು ದೋಣಿ ಹತ್ತಿಸಿ ಕಳಿಸಿ, ಜನರನ್ನೂ ಕಳಿಸಿ, ಬೆಟ್ಟಕ್ಕೆ ಹೋದರು. ತಪ್ಪಿಹೋದ ಏಕಾಂತವನ್ನು ಅದೇ ರಾತ್ರಿ ಮತ್ತೆ ಹುಡುಕಿಕೊಂಡರು. ಸಣ್ಣ ಮಕ್ಕಳಿರುವ ಮನೆಯವರಿಗೆ ಈ ಭಾಗ ತುಂಬಾ ಉಪಯೋಗಕ್ಕೆ ಬರುತ್ತದೆ.

ಮತ್ತಾಯ 11ರ ಕೊನೆಯಲ್ಲಿ ಆ ಪ್ರಸಿದ್ಧ ಕರೆ ಇದೆ: ಕಷ್ಟಪಡುವವರೇ, ಹೊರೆ ಹೊತ್ತವರೇ, ನನ್ನ ಬಳಿಗೆ ಬನ್ನಿ, ನಾನು ನಿಮಗೆ ವಿಶ್ರಾಂತಿ ಕೊಡುತ್ತೇನೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇಷ್ಟೇ ಇರುತ್ತದೆ. ಮುಂದಿನ ಸಾಲು, ನನ್ನ ನೊಗ ಹೊತ್ತುಕೊಂಡು ನನ್ನಿಂದ ಕಲಿತುಕೊಳ್ಳಿ ಎನ್ನುತ್ತದೆ. ದಣಿದವನಿಗೆ ನೊಗವೇ? ಸುತ್ತಲಿನ ಮಾತು ನೋಡಿದರೆ ಅರ್ಥವಾಗುತ್ತದೆ. ಇದೇ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಶಾಸ್ತ್ರಿಗಳು, ಅಂದರೆ ಯೆಹೂದ್ಯರ ಧರ್ಮಶಾಸ್ತ್ರ ಕಲಿಸುವವರು, ಭಾರವಾದ ಹೊರೆಗಳನ್ನು ಕಟ್ಟಿ ಜನರ ಹೆಗಲ ಮೇಲೆ ಹೊರಿಸುತ್ತಾರೆ, ತಾವು ಬೆರಳಿನಿಂದಲೂ ಮುಟ್ಟುವುದಿಲ್ಲ ಎಂದು ಯೇಸು ಹೇಳುತ್ತಾರೆ. ಈ ಕರೆಯ ಬೆನ್ನಿಗೇ 12ನೇ ಅಧ್ಯಾಯದಲ್ಲಿ ಸಬ್ಬತ್ತಿನ ಜಗಳ ಶುರುವಾಗುತ್ತದೆ: ಹಸಿದ ಶಿಷ್ಯರು ತೆನೆ ಕಿತ್ತು ತಿಂದದ್ದು ತಪ್ಪೇ? ವಿಶ್ರಾಂತಿಯ ದಿನವೇ ಜನರ ಹೆಗಲಿಗೆ ಹೊರೆಯಾಗಿಬಿಟ್ಟಿತ್ತು. ಯೇಸುವಿನ ಕರೆ ಕೆಲಸವೇ ಇಲ್ಲದ ಬದುಕಿಗಲ್ಲ. ದೇವರ ಮೆಚ್ಚುಗೆ ಗಳಿಸಲೆಂದು ದುಡಿಯುವುದನ್ನು ನಿಲ್ಲಿಸಿ, ಆಗಲೇ ಮೆಚ್ಚುಗೆ ಸಿಕ್ಕವರ ಹಾಗೆ ದುಡಿಯುವುದಕ್ಕೆ.

ಇಬ್ರಿಯರಿಗೆ ಬರೆದ ಪತ್ರದ 4ನೇ ಅಧ್ಯಾಯ ಇದನ್ನೇ ಆಳಕ್ಕೆ ಒಯ್ಯುತ್ತದೆ. ದೇವಜನರಿಗೆ ಒಂದು ಸಬ್ಬತ್ ಇನ್ನೂ ಉಳಿದಿದೆ, ಅದರಲ್ಲಿ ಸೇರಿದವನು ದೇವರು ತಮ್ಮ ಕೆಲಸ ಮುಗಿಸಿ ವಿಶ್ರಮಿಸಿದ ಹಾಗೆ ತನ್ನ ಕೆಲಸಗಳಿಂದ ವಿಶ್ರಮಿಸುತ್ತಾನೆ ಎನ್ನುತ್ತದೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಎಂಬ ಪ್ರಾಟೆಸ್ಟಂಟ್ ಬೋಧನಾ ಪುಸ್ತಕ ಸಬ್ಬತ್ತಿನ ಆಜ್ಞೆಯನ್ನು ವಿವರಿಸುವಾಗ ಹೇಳಿದ್ದೂ ಇದೇ ಅರ್ಥದಲ್ಲಿ: ಬದುಕಿನ ಎಲ್ಲ ದಿನವೂ ನನ್ನ ಕೆಟ್ಟ ಕೆಲಸಗಳನ್ನು ನಿಲ್ಲಿಸಿ, ಕರ್ತನು ತನ್ನ ಆತ್ಮದ ಮೂಲಕ ನನ್ನೊಳಗೆ ಕೆಲಸ ಮಾಡುವಂತೆ ಬಿಟ್ಟುಕೊಡುವುದು. ಕ್ರೈಸ್ತರು ಆತ್ಮಿಕ ಹೊಸತನ ಎನ್ನುವುದು ಇದನ್ನೇ. ನಾವು ನಿಲ್ಲಿಸಿದ ಜಾಗದಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಾರೆ.

ಯಾವ ದಿನ ಎಂಬ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಮೊದಲ ಕ್ರೈಸ್ತರು ಯೇಸು ಎದ್ದುಬಂದ ದಿನವೆಂದು ವಾರದ ಮೊದಲ ದಿನ ಸೇರುತ್ತಿದ್ದರು, ಆದರೆ ಅವರಿಗೆ ಅದು ರಜೆಯಲ್ಲ. ಸುಮಾರು 112ರಲ್ಲಿ ರೋಮಿನ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲಿ ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮೊದಲೇ ಕೂಡಿ ಕ್ರಿಸ್ತನಿಗೆ ಹಾಡುತ್ತಾರೆ ಎಂದಿದ್ದಾನೆ. ಭಾನುವಾರ ಕೆಲಸ ನಿಲ್ಲಿಸುವ ಕಾನೂನು ತಂದದ್ದು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್, 321ರಲ್ಲಿ. ಅದರಲ್ಲೂ ರೈತರಿಗೆ ವಿನಾಯಿತಿ ಇತ್ತು. ಅಡ್ವೆಂಟಿಸ್ಟರು ಎಂಬ ಕ್ರೈಸ್ತ ಪಂಗಡದವರು ಇವತ್ತಿಗೂ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಸಬ್ಬತ್ ಆಚರಿಸುತ್ತಾರೆ. ಬಾಂಬೆಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ. ಕುವೈತಿನಲ್ಲಿ ದುಡಿಯುವ ಮಂಗಳೂರು ಕಡೆಯವರು ಶುಕ್ರವಾರ ಚರ್ಚಿಗೆ ಹೋಗುತ್ತಾರೆ, ಅಲ್ಲಿ ರಜೆ ಅವತ್ತು. ಭಾನುವಾರ ಡ್ಯೂಟಿ ಇರುವ ನರ್ಸ್ ಮಂಗಳವಾರ ವಿಶ್ರಮಿಸಿದರೆ ಅವಳ ಸಬ್ಬತ್ ಕಡಿಮೆಯದ್ದಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಪೌಲನು ದಿನಗಳ ವಿಷಯದಲ್ಲಿ ಒಬ್ಬರನ್ನೊಬ್ಬರು ತೀರ್ಪು ಮಾಡಬೇಡಿ ಎಂದಿದ್ದಾನೆ.

ದಿನ ಸಿಕ್ಕಿದ ಮಾತ್ರಕ್ಕೆ ವಿಶ್ರಾಂತಿ ಸಿಗುವುದಿಲ್ಲ, ಇದು ಎಲ್ಲರಿಗೂ ಗೊತ್ತು. ನಾಲ್ಕನೇ ಶತಮಾನದಲ್ಲಿ ಐಗುಪ್ತದ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಈ ಕಾಯಿಲೆಯನ್ನು ಚೆನ್ನಾಗಿ ಬರೆದಿಟ್ಟಿದ್ದಾರೆ. ಬೆಳಿಗ್ಗೆ ಹತ್ತರ ಸುಮಾರಿಗೆ ಶುರುವಾಗಿ ಮಧ್ಯಾಹ್ನ ಎರಡರವರೆಗೆ ಕಾಡುತ್ತದಂತೆ. ಸೂರ್ಯ ನಿಂತೇಬಿಟ್ಟಿದ್ದಾನೆ, ದಿನಕ್ಕೆ 50 ಗಂಟೆ ಇದೆ ಅನ್ನಿಸುತ್ತದೆ. ಸನ್ಯಾಸಿ ಪದೇ ಪದೇ ಕಿಟಕಿಯತ್ತ ನೋಡುತ್ತಾನೆ, ಯಾರಾದರೂ ಬರುತ್ತಾರಾ ಎಂದು ಹೊರಗೆ ಬಂದು ಇಣುಕುತ್ತಾನೆ, ಈ ಜಾಗ ಸರಿಯಿಲ್ಲ, ಈ ಕೆಲಸ ಸರಿಯಿಲ್ಲ, ಯಾರಿಗೂ ನನ್ನ ಮೇಲೆ ಪ್ರೀತಿಯಿಲ್ಲ ಎಂದುಕೊಳ್ಳುತ್ತಾನೆ. ಮಧ್ಯಾಹ್ನದ ದೆವ್ವ ಎಂದು ಅದಕ್ಕೆ ಹೆಸರು. ಇವತ್ತು ಆ ಕಿಟಕಿ ನಮ್ಮ ಕೈಯಲ್ಲೇ ಇದೆ. ಮೂರು ಗಂಟೆ ರೀಲ್ಸ್ ನೋಡಿ ಎದ್ದಾಗ ಇನ್ನೂ ಜಾಸ್ತಿ ದಣಿದಿರುತ್ತೇವೆ, ಯಾಕೆಂದರೆ ಆ ಹೊತ್ತಿನಲ್ಲಿ ಮನಸ್ಸು ಎಲ್ಲೂ ಕೂತಿರಲೇ ಇಲ್ಲ. ಇವಾಗ್ರಿಯಸ್ ಹೇಳುವ ಮದ್ದು ಸರಳ: ಜಾಗ ಬಿಟ್ಟು ಓಡಬೇಡ, ಕೈಗೊಂದು ಸಣ್ಣ ಕೆಲಸ ಕೊಡು, ಪ್ರಾರ್ಥನೆ ಬಿಡಬೇಡ.

ಆರನೇ ಶತಮಾನದ ಸನ್ಯಾಸಿ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ ಪ್ರಾರ್ಥನೆ, ಕೈಕೆಲಸ, ಓದು ಮೂರಕ್ಕೂ ಹೊತ್ತು ಗೊತ್ತು ಮಾಡಿದರು. ಬೇಸಿಗೆಯಲ್ಲಿ ಮಧ್ಯಾಹ್ನದ ಊಟದ ಮೇಲೆ ಹಾಸಿಗೆಯಲ್ಲಿ ಮಲಗಲು ಬಿಡುವು ಇದೆ. ಓದಬೇಕು ಅನ್ನಿಸಿದವರು ಓದಲಿ, ಆದರೆ ಮಲಗಿದವರಿಗೆ ತೊಂದರೆಯಾಗದಂತೆ ಓದಲಿ ಎಂದೂ ಸೇರಿಸಿದ್ದಾರೆ. ಇಂಥ ಕಾಳಜಿ ನನಗೆ ಬಹಳ ಹಿಡಿಸುತ್ತದೆ.

ಮನೆಯಲ್ಲಿರುವವರು ಇದನ್ನು ಹೇಗೆ ಮಾಡಬಹುದು? ಕೆಲವು ವಿಷಯ ಹೇಳಬಹುದು. ಭಾನುವಾರದ ಅಡುಗೆಯನ್ನು ಸರಳ ಮಾಡಿ, ಇಲ್ಲವೇ ಮನೆಯವರೆಲ್ಲ ಸೇರಿ ಮಾಡಿ. ಮನೆಕೆಲಸಕ್ಕೆ ಬರುವವರಿಗೆ ಸಂಬಳ ಹಿಡಿಯದೆ ವಾರಕ್ಕೊಂದು ದಿನ ರಜೆ ಕೊಡಿ. ರಾತ್ರಿ ಮಲಗುವಾಗ 121ನೇ ಕೀರ್ತನೆ ಓದಿ: ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ. ಹಾಗಾದರೆ ನೀವು ಮಲಗಬಹುದು. ವರ್ಷಕ್ಕೊಮ್ಮೆ ಧ್ಯಾನಕೂಟಕ್ಕೆ ಹೋಗುವ ಅವಕಾಶ ಇದ್ದರೆ ಮೌನದ ಕೂಟ ಆರಿಸಿಕೊಳ್ಳಿ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿ ಫಾದರ್ ಅಮಲೋರ್ಪವದಾಸ್ ಕಟ್ಟಿದ ಅಂಜಲಿ ಆಶ್ರಮ ಅಂಥ ಒಂದು ಜಾಗ. ಗಟ್ಟಿ ಮೈಕಿನ ಉಜ್ಜೀವನ ಕೂಟಗಳಿಗೂ ಅವುಗಳದ್ದೇ ಜಾಗ ಇದೆ, ಆದರೆ ದಣಿದವರು ಮೊದಲು ಹೋಗಬೇಕಾದದ್ದು ಅಲ್ಲಿಗಲ್ಲ ಎಂದು ನನ್ನ ಅಭಿಪ್ರಾಯ. ಎಲೀಯನ ಕ್ರಮ ನೆನಪಿಡಿ. ಧ್ಯಾನದ ಮೊದಲ ದಿನ ಬರೀ ನಿದ್ದೆ ಬಂದರೆ ನಾಚಿಕೆಪಡಬೇಡಿ, ನಿದ್ದೆ ಮಾಡಿ.

ಎಲ್ಲಿಗೂ ಹೋಗಲಾಗದವರು ಇದ್ದಾರೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆ, ವಿಶೇಷ ಅಗತ್ಯವಿರುವ ಮಗುವಿನ ತಾಯಿ. ಇವರಿಗೆ ವಿಶ್ರಾಂತಿಯ ಬಗ್ಗೆ ಪ್ರಸಂಗ ಮಾಡಿದರೆ ಅದೂ ಒಂದು ಹೊರೆಯೇ. ಇವರಿಗೆ ಬೇಕಾದ್ದು ಬದಲಿಗೆ ಕೂರುವವರು. ಸಭೆಯಲ್ಲಿ ನಾಲ್ಕು ಜನ ಒಪ್ಪಿ ಹೆಸರು ಕೊಟ್ಟರೆ ಸಾಕು. ಒಬ್ಬೊಬ್ಬರು ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಆ ಮನೆಗೆ ಹೋಗಬೇಕು. ಔಷಧದ ಹೊತ್ತು, ಊಟದ ಕ್ರಮ ಬರೆಸಿಕೊಂಡು, ಆಕೆಯನ್ನು ನಾಲ್ಕು ಗಂಟೆ ಹೊರಗೆ ಕಳಿಸಬೇಕು. ಆಕೆ ಚರ್ಚಿಗೇ ಬರಬೇಕೆಂದಿಲ್ಲ. ತಂಗಿಯ ಮನೆಗೆ ಹೋಗಿ ಮಲಗಿದರೂ ಆದೀತು.